ಕನ್ನಡಿ ಪಕ್ಕದ ಫೋಟೋ

ಅಪ್ಪಾ,

ಪೇಪರಿನಲ್ಲಿ ಬಂದ ನನ್ನ ಫೋಟೋವನ್ನು ಕಟಿಂಗ್ ಶಾಪಿನ ಕನ್ನಡಿ ಪಕ್ಕ ಅಂಟಿಸಿದ್ದೀಯಂತೆ, ಅಮ್ಮ ಬರೆದಿದ್ದಾಳೆ. ಅದನ್ನು ತೆಗೆದುಬಿಡು. ಗಿರಾಕಿಗಳು ಕೇಳಿದರೆ, ನೀರು ಚಿಮುಕಿಸುವಾಗ ಒದ್ದೆಯಾಗಿ ಹರಿದುಹೋಯಿತು ಅನ್ನು.

ಟ್ರೇನಿಂಗಿನಲ್ಲಿ ನಮ್ಮ ಮೇಷ್ಟ್ರು, 'ನೀವು ಹೊಡೆಯೋದು ವಿಮಾನಕ್ಕೆ, ಮನುಷ್ಯನಿಗಲ್ಲ' ಅನ್ನುತ್ತಿದ್ದರು. ಮೇಲೆ ವಿಮಾನದಲ್ಲಿರುವಾಗ ಅದು ನಿಜವೇ ಅನ್ನಿಸುತ್ತದೆ. ಆದರೆ ನಾನು ಹೊಡೆದುರುಳಿಸಿದ ಶತ್ರು ವಿಮಾನ ನಮ್ಮ ರನ್‌ವೇ ಆಚೆಯ ಹೊಲದಲ್ಲೇ ಬಿತ್ತು. ಇಳಿದ ಮೇಲೆ ಎಲ್ಲರೂ ಬೆನ್ನು ತಟ್ಟಿ, ನೋಡು ಬಾ ಎಂದು ಕರೆದುಕೊಂಡು ಹೋದರು.

ಅದರ ಪೈಲಟ್ ಬೋರಲು ಬಿದ್ದಿದ್ದ. ಹೆಲ್ಮೆಟ್ ಕಳಚಿತ್ತು. ಬೇರೆಯವರು ಅವನ ತೋಳಿನ ಪಟ್ಟಿ ನೋಡಿದರು. ನಾನು ನಿನ್ನ ಮಗನಲ್ಲವೇ, ಕೂದಲು ನೋಡಿದೆ. ಅವತ್ತು ಬೆಳಿಗ್ಗೆಯೇ ಕತ್ತರಿಸಿದ ಹಾಗಿತ್ತು. ನೀನು ತೆಗೆಯುವಂಥದೇ ನೇರ ಗೆರೆ. ಕಿವಿಯ ಹಿಂದೆ ತುಂಡು ಕೂದಲು ಇನ್ನೂ ಅಂಟಿಕೊಂಡಿತ್ತು. 'ಅಲ್ಲಾಡ್ಬೇಡ ಕಣೋ' ಎಂದು ಅವನ ತಲೆಯನ್ನೂ ಯಾರೋ ಹಿಡಿದಿರಬೇಕು.

ಮುಂದಿನ ತಿಂಗಳು ರಜೆಗೆ ಬರುತ್ತೇನೆ. ಕೂದಲು ಬೆಳೆದಿದೆ ಎಂದು ಸಾಹೇಬರು ದಿನಾ ಬೈಯುತ್ತಾರೆ, ಇಲ್ಲಿ ಯಾರ ಕೈಗೂ ಕೊಟ್ಟಿಲ್ಲ. ನೀನೇ ಕತ್ತರಿಸು. ಕತ್ತಿನ ಹತ್ತಿರ ಬಂದಾಗ ನಾನು ಅಲ್ಲಾಡಿದರೆ ಬೈಯಬೇಡ.

ನಿನ್ನ
ಮಗ