ಒಡೆಯದ ಅಚ್ಚು

ಮಾಮಾ,

‘ಪ್ರೀತಿಯ’ ಎಂದು ಮೊದಲು ಬರೆದಿದ್ದೆ, ಆಮೇಲೆ ಹೊಡೆದು ಹಾಕಿದೆ. ಬರೀ ಮಾಮಾ ಸಾಕು. ನೀನು ನನ್ನ ಅವ್ವನ ತಮ್ಮ, ಅದನ್ನಂತೂ ಯಾರಿಂದಲೂ ಅಳಿಸಲಾಗದು, ನಿನ್ನಿಂದಲೂ. ನೀನು ತೀರಿಕೊಂಡ ಮೇಲೆ ಒಂದು ಮಳೆಗಾಲ ಕಳೆಯಿತು. ಸಿಟ್ಟು ಇಳಿಯಲಿ, ಆಮೇಲೆ ಬರೆದರಾಯಿತು ಎಂದು ಕಾದೆ. ಇಳಿಯುವ ಲಕ್ಷಣ ಕಾಣಲಿಲ್ಲ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಸಿಟ್ಟಿನಲ್ಲೇ ಓದು.

ಆ ವಿಡಿಯೊ ತೋರಿಸಲು ನೀನು ಕೊಪ್ಪಳಕ್ಕೆ ಬಂದದ್ದು ನೆನಪಿದೆಯೇ? ನನ್ನ ಫ್ಲೆಕ್ಸ್ ಅಂಗಡಿಯಲ್ಲಿ ಯಾವುದೋ ಪುಢಾರಿಯ ಹುಟ್ಟುಹಬ್ಬದ ಬ್ಯಾನರ್ ಮಷಿನ್‌ನಿಂದ ಇಳಿಯುತ್ತಿತ್ತು. ಗಂಗಾವತಿಯ ನಿನ್ನ ಶೆಡ್ಡಿನಲ್ಲಿ ಫೈಬರ್ ಬಾಗಿಲು ಮಾಡಿ ಮಾಡಿ, ನೀನು ಬರುವ ಮುಂಚೆಯೇ ನಿನ್ನ ಅಂಗಿಯ ರೆಸಿನ್ ಅಂಟಿನ ವಾಸನೆ ಬರುತ್ತಿತ್ತು. ಮೊಬೈಲ್ ನನ್ನ ಮೂಗಿಗೆ ಹಿಡಿದೆ. ಎರಡು ಮೊಳದ ದೋಣಿ, ಎರಡು ಒಡಲು ಅಕ್ಕಪಕ್ಕ ಜೋಡಿಸಿದ್ದು, ರಿಮೋಟ್‌ನಿಂದ ಓಡುವಂಥದ್ದು. ಕ್ಯಾಟಮರಾನ್ ಅಂತಾರೆ ಎಂದು ನಾನೇ ಓದಿ ಹೇಳಿದೆ. “ನೊಗಕ್ಕ ಹೂಡಿದ ಜೋಡೆತ್ತು ಇದ್ದಂಗ ಐತಿ ನೋಡ, ಸುವರ್ಣಾ! ನೀರು ಮುಟ್ಟವಲ್ದು, ಹಾರತೈತಿ. ಇದನ್ನ ನಾವ ಮಾಡೂಣು” ಎಂದೆ. ನಾವು ಎಂದಿದ್ದೆ ಮಾಮಾ. ನಾನು ಎಂದಿರಲಿಲ್ಲ.

ಮನೆಯಲ್ಲಿ ಇದನ್ನು ಕೇಳಿ ಗಿರಿಜತ್ತೆ ನಿನಗೆ ಏನೆಂದಳು ಗೊತ್ತಲ್ಲ? “ಈ ವಯಸ್ಸಿಗೆ ಮಂದಿ ಕಾಶಿಗಿ ಹೋಗ್ತಾರ, ನೀವು ಆಟಿಗಿ ಸಾಮಾನು ಹಿಡಕೊಂಡು ಕೆರಿಗಿ ಹೋಗ್ರಿ.” ನಾವು ಹೋದೆವು. ಒಡಲನ್ನು ಅಡ್ಡಕ್ಕೆ ಕೊಯ್ದರೆ ಕಾಣುವ ಆಕಾರಗಳನ್ನು ನಾನು ಕಂಪ್ಯೂಟರಿನಲ್ಲಿ ಬರೆದು, ಅಕ್ಷರ ಕತ್ತರಿಸುವ ಮಷಿನ್‌ನಲ್ಲೇ ಸನ್‌ಬೋರ್ಡ್ ಎಂಬ ದಪ್ಪ ಫೋಮ್ ಹಾಳೆ ಕತ್ತರಿಸುತ್ತಿದ್ದೆ. ನೀನು ಅವನ್ನು ಸಾಲಾಗಿ ನಿಲ್ಲಿಸಿ, ನಡುವೆ ಥರ್ಮಾಕೋಲ್ ತುಂಬಿ, ಮೇಲೆ ಪುಟ್ಟಿ ಬಳಿಯುತ್ತಿದ್ದೆ. ಆ ಮಾದರಿಯ ಮೇಲೆ ಫೈಬರ್ ಹೊದಿಸಿ ಬಿಚ್ಚಿದರೆ ಅಚ್ಚು. ಅಚ್ಚಿನೊಳಗೆ ಮತ್ತೆ ಫೈಬರ್ ಹಾಸಿದರೆ ದೋಣಿ. ಪುಟ್ಟಿ ಹಸಿ ಇರುವಾಗ ನಾನು ಬಗ್ಗಿ ನೋಡಲು ಹೋಗಿ, ಎಡ ಒಡಲಿನ ಒಳಮೈಗೆ ನನ್ನ ಬಳೆ ಒತ್ತಿಬಿಟ್ಟಿತು, ಒಂದು ಸಣ್ಣ ಕಮಾನು ಮೂಡಿತು. ನಾನು ಉಜ್ಜುತ್ತೇನೆ ಎಂದೆ. ನೀನು ಬಿಡಲಿಲ್ಲ. “ಇರ್ಲಿ ಬಿಡ, ನಮ್ಮ ಮೊಹರು ಅದು” ಎಂದೆ. ಆ ಗುರುತು ಅಚ್ಚಿಗಿಳಿಯಿತು, ಅಚ್ಚಿನಿಂದ ಹೊರಬಂದ ಪ್ರತಿ ದೋಣಿಗೂ ಇಳಿಯಿತು.

ಗಂಗಾವತಿ ರಸ್ತೆಯಲ್ಲಿ ನಿನ್ನ ಬೈಕಿನ ಹಿಂದೆ ಕೂತು ನಾನು ಖಾಲಿ ದೋಣಿಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದದ್ದು ಮರೆತೆಯೇನು? ಎರಡು ಒಡಲಿನ ನಡುವಿನ ಸಂದಿಗೆ ನಾವು ಓಣಿ ಎನ್ನುತ್ತಿದ್ದೆವು. ಆ ಓಣಿಯೊಳಗೆ ಗಾಳಿ ನುಗ್ಗಿ ದೋಣಿಯನ್ನು ಮೇಲೆತ್ತಬೇಕು, ಆಗಲೇ ಅದು ನೀರನ್ನು ಸವರಿಕೊಂಡು ಓಡುವುದು. ಎಷ್ಟು ಎತ್ತುತ್ತದೆ ಎಂದು ತಿಳಿಯಲು ನಮ್ಮ ಹತ್ತಿರ ಬೇರೆ ಯಾವ ಸಲಕರಣೆ ಇತ್ತು? ನನ್ನ ಅಂಗೈ ಇತ್ತು. ನೀನು ಗಾಡಿ ಓಡಿಸುತ್ತ “ಎಳೀತೈತೇನ? ಮೂತಿ ಏಳತೈತೇನ?” ಎಂದು ಒದರುತ್ತಿದ್ದೆ. ಬಸ್ಸಿನವರು ಕಿಟಕಿಯಿಂದ ಕತ್ತು ಹೊರಗೆ ಹಾಕಿ ನಗುತ್ತಿದ್ದರು. ಮನೆಗೆ ಬಂದು ನಾನು ಓಣಿಯ ಚಾವಣಿಯನ್ನು ಮತ್ತೆ ಬರೆಯುತ್ತಿದ್ದೆ, ಮತ್ತೆ ಕತ್ತರಿಸುತ್ತಿದ್ದೆ. ಆ ದೋಣಿಯ ಆಕಾರ ಹುಟ್ಟಿದ್ದು ಹಾಗೆ. ಗಾಡಿಯ ಹ್ಯಾಂಡಲ್ ನಿನ್ನ ಕೈಯಲ್ಲಿತ್ತು, ಗಾಳಿ ನನ್ನ ಕೈಯಲ್ಲಿತ್ತು.

ತಳಕಲ್ ಕಡೆಯ ಕೆರೆಯಲ್ಲಿ ಅದು ಓಡಿದ ದಿನ ನೀನು ಕುಣಿದೆ. ಆದರೆ ಎದುರುಗಾಳಿಗೆ ಪೂರಾ ವೇಗ ಕೊಟ್ಟರೆ ಮೂತಿ ಎತ್ತಿ, ಹಿಂದಕ್ಕೆ ಪಲ್ಟಿ ಹೊಡೆಯುತ್ತಿತ್ತು. ಪ್ರತಿಸಲವೂ ಲಾರಿ ಟ್ಯೂಬಿನ ಮೇಲೆ ಕೂತು, ಚೂಡಿದಾರ ತೊಯ್ಯಿಸಿಕೊಂಡು, ಅದನ್ನು ತರಲು ಹೋಗುತ್ತಿದ್ದವಳು ನಾನು. ನಿನಗೆ ಈಜು ಬರುತ್ತಿರಲಿಲ್ಲವಲ್ಲ! ದಂಡೆಯಲ್ಲಿ ನಿಂತು “ಬಲಕ್ಕ, ಬಲಕ್ಕ” ಎಂದು ಅಪ್ಪಣೆ ಕೊಡುವುದಷ್ಟೇ ನಿನಗೆ ಬರುತ್ತಿತ್ತು. ಬ್ಯಾಟರಿ ಮುಂದೆ ಸರಿಸಿದೆವು, ಪಂಖ ಬದಲಿಸಿದೆವು. ಆ ಒಂದು ರೋಗ ಮಾತ್ರ ಹೋಗಲಿಲ್ಲ.

ಆಮೇಲೆ ಆ ಬೇಸಿಗೆ. ರೋಗಕ್ಕೆ ಮದ್ದು ನನಗೆ ಹೊಳೆದಿತ್ತು. ಏನೆಂದು ಮುಂದೆ ಹೇಳುತ್ತೇನೆ, ನೀನೂ ಸ್ವಲ್ಪ ಕಾಯಿ. ಪೇಡೆ ಕಟ್ಟಿಸಿಕೊಂಡು ಗಂಗಾವತಿಯ ಬಸ್ಸು ಹತ್ತಿದ್ದೆ. ಶೆಡ್ಡಿನ ಬಾಗಿಲಲ್ಲೇ ನೀನು ಮುಖ ಇಳಿಬಿಟ್ಟು ನಿಂತಿದ್ದೆ. “ಅಚ್ಚು ಒಡದ ಹೋತವ್ವಾ. ಬಾಗ್ಲಾ ಇಳಸೂ ಮುಂದ ಅದರ ಮ್ಯಾಲ ಬಿತ್ತು.” ಚೂರುಗಳೆಲ್ಲಿ ಎಂದು ನಾನು ಕೇಳಿದೆ. ಚೆಲ್ಲಿದೆ ಎಂದೆ ನೀನು. ನಾನು ಅತ್ತುಬಿಟ್ಟೆ. ನೀನು ನನ್ನ ತಲೆ ಸವರಿದೆ ಮಾಮಾ, ಆ ಕೈಯಿಂದಲೇ! ಅಚ್ಚೇ ಹೋದ ಮೇಲೆ ಮದ್ದಿನ ಸುದ್ದಿ ಹೇಳಿ ನಿನ್ನ ಸಂಕಟ ಯಾಕೆ ಹೆಚ್ಚಿಸಲಿ ಎಂದು ಬಾಯಿ ಮುಚ್ಚಿಕೊಂಡೆ. ಪೇಡೆ ಅತ್ತೆಯ ಕೈಗೆ ಕೊಟ್ಟು ಬಂದೆ.

ಮರುವರ್ಷ ನೀನು ತೀರಿಕೊಂಡ ದಿನ, ನಿನ್ನನ್ನು ಪಡಸಾಲೆಯಲ್ಲಿ ಕೂಡಿಸಿ ಭಜನೆ ನಡೆದಿತ್ತು. ಎದೆನೋವು ಎಂದು ಆಸ್ಪತ್ರೆಗೆ ಹೋದವನು ಹಾಗೆ ಮರಳಿ ಬಂದಿದ್ದೆ. ಆಗ ಕುಷ್ಟಗಿಯಿಂದ ಒಬ್ಬಾತ ಬಂದ. ಹೆಸರು ಶರಣಪ್ಪ ಎಂದರು, ಪಂಪ್‌ಸೆಟ್ ಅಂಗಡಿಯವನು. ಕಂಕುಳಲ್ಲಿ ಒಂದು ದೋಣಿ. ಅದಕ್ಕೊಂದು ಸೇವಂತಿಗೆ ಮಾಲೆ ಹಾಕಿ ನಿನ್ನ ಪಾದದ ಹತ್ತಿರ ಇಟ್ಟು, ನನಗಿಂತ ಜೋರಾಗಿ ಅತ್ತ. ಹೆಂಗಸರಿಗೆ ದಾರಿಯಾಗಲಿ ಎಂದು ನಾನು ಆ ದೋಣಿಯನ್ನು ಎತ್ತಿ ಬದಿಗಿಡಲು ಹೋದೆ. ಬೆರಳು ಓಣಿಯೊಳಗೆ ಹೋಯಿತು. ಎಡ ಒಡಲಿನ ಒಳಮೈ. ಬಳೆಯ ಕಮಾನು. ಹೊಸ ಬಣ್ಣ, ಹೊಸ ಫೈಬರ್, ನಮ್ಮದೇ ಗುರುತು.

ಹೊರಗೆ ಬೇವಿನ ನೆರಳಲ್ಲಿ ಅವನನ್ನು ಕೇಳಿದೆ, ಇದು ಎಲ್ಲಿಯದು ಎಂದು. ನಾನು ಯಾರೆಂದು ಪಾಪ ಅವನಿಗೆ ಗೊತ್ತಿರಲಿಲ್ಲ. “ಗುರುಗಳು ತಮ್ಮ ಅಚ್ಚನ್ನ ನನಗ ಕೊಟ್ಟಾರ್ರಿ, ಅಕ್ಕಾರ. ಹ್ವಾದ ಬ್ಯಾಸಗ್ಯಾಗ. ವರ್ಷಗಟ್ಟಲೆ ಒಬ್ಬರ ಕುಂತು ಡಿಸೈನ್ ಮಾಡ್ಯಾರಂತ. ಅವರ ಅಕ್ಕನ ಮಗಳು ಒಬ್ಬಾಕಿ ಹಾಳಿ ಕತ್ತರಿಸಿ ಕೊಡ್ತಿದ್ಲಂತ್ರಿ, ಅಷ್ಟ.”

ಹಾಳೆ ಕತ್ತರಿಸಿ ಕೊಡುತ್ತಿದ್ದಳಂತೆ! ನಿನಗೆ ಮಣ್ಣು ಹಾಕಲು ಬಂದವಳ ಕಣ್ಣಿಗೆ ನೀನು ಮೊದಲೇ ಮಣ್ಣೆರಚಿ ಹೋಗಿದ್ದೆ. ಅಂದು ನಾನು ಅತ್ತದ್ದು ನೀನು ಸತ್ತದ್ದಕ್ಕೋ, ಬದುಕಿದ್ದಾಗ ಮಾಡಿದ್ದಕ್ಕೋ? ಈಗಲೂ ಬಿಡಿಸಿ ಹೇಳಲಾರೆ.

ದಿನ ಕಳೆದ ಮೇಲೆ ಅತ್ತೆಯನ್ನು ಮಾತಾಡಿಸಲು ಹೋಗಿದ್ದೆ. ಬೇಳೆ ಆರಿಸುತ್ತ ಕೂತಿದ್ದಳು. ಅಚ್ಚು ಒಡೆಯಿತೆಂಬ ಸುಳ್ಳು ಯಾಕೆ ಎಂದು ಕೇಳಿದೆ. ಮೊರದಿಂದ ತಲೆ ಎತ್ತದೆ ಹೇಳಿದಳು: “ನಾನೂ ಕೇಳಿದ್ನೆವ್ವಾ, ಹುಡುಗಿಗಿ ಯಾಕ ಸುಳ್ಳ ಹೇಳಿದ್ರಿ ಅಂತ. ‘ಅಕಿ ನನ್ನ ದಾಟಿ ಹೋಗ್ಯಾಳ. ಮೊದ್ಲ, ಹೆಂಗ್ ಮಾಡ್ಲಿ ಮಾಮಾ ಅಂತಿದ್ಲು. ಈಗ, ಹಿಂಗ್ ಮಾಡು ಮಾಮಾ ಅಂತಾಳ. ಆ ಕುಷ್ಟಗಿ ಹುಡುಗ ನನಗ ಗುರುಗಳ ಅಂತಾನ’ ಅಂದ್ರು.”

ಇಷ್ಟೇನಾ ಮಾಮಾ? ಒಂದು ‘ಗುರುಗಳೇ’ ಬೇಕಿತ್ತಾ? ಹೇಳಿದ್ದರೆ ನಾನೇ ದಿನಕ್ಕೆ ಹತ್ತು ಸಲ ಅನ್ನುತ್ತಿರಲಿಲ್ಲವೇ, ಬೇಕಾದರೆ ಫ್ಲೆಕ್ಸ್ ಮಾಡಿ ನಿನ್ನ ಶೆಡ್ಡಿಗೆ ಹೊಡೆಯುತ್ತಿರಲಿಲ್ಲವೇ? ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಆದರೆ ಯಾರೂ ಹಿತ್ತಲ ಗಿಡವನ್ನು ಬೇರುಸಮೇತ ಕಿತ್ತು, ಒಣಗಿಹೋಯಿತು ಎಂದು ಅದಕ್ಕೇ ಹೇಳುವುದಿಲ್ಲ. ಅಚ್ಚನ್ನು ಕೇಳಿದ್ದರೆ ಕೊಡುತ್ತಿದ್ದೆ. ಅವನಿಗೆ ಕೊಟ್ಟದ್ದಕ್ಕೂ ಇಷ್ಟು ಸಿಟ್ಟಿಲ್ಲ. ನನ್ನನ್ನು ಅಳಲು ಬಿಟ್ಟು ನೋಡುತ್ತ ನಿಂತೆಯಲ್ಲ, ಅದು...

ಹೋದ ತಿಂಗಳು ಶರಣಪ್ಪ ನನ್ನ ಅಂಗಡಿಗೇ ಬಂದ. ನಿನ್ನ ನೆನಪಿಗೆ ತಳಕಲ್ ಕೆರೆಯಲ್ಲಿ ದೋಣಿ ಓಡಿಸುವುದಂತೆ, ಅದಕ್ಕೊಂದು ಬ್ಯಾನರ್. ‘ನಮ್ಮ ದೋಣಿಯ ವಿನ್ಯಾಸಕಾರ, ಪೂಜ್ಯ ಗುರುಗಳು’ ಎಂದು ಹಾಕಿರಿ, ಫೋಟೊ ದೊಡ್ಡದಿರಲಿ ಎಂದ. ಅದನ್ನು ಟೈಪು ಮಾಡಬೇಕಾದ ಕೈ ಯಾರದು ನೋಡು. ಅರ್ಧ ಟೈಪು ಮಾಡಿ ನಿಲ್ಲಿಸಿದೆ. “ದೋಣಿ ಎದುರುಗಾಳಿಗೆ ಪಲ್ಟಿ ಹೊಡಿತೈತಿ, ಹೌದಲ್ಲ?” ಎಂದೆ. ಅವನು ಬಾಯಿ ತೆರೆದ. “ನಿಮಗ ಹ್ಯಾಂಗ ಗೊತ್ತಾತ್ರಿ? ಗುರುಗಳ್ನ ಎಷ್ಟ್ ಸಲ ಕೇಳಿದ್ರೂ ನೋಡೂಣು, ನೋಡೂಣು ಅಂದ್ರು, ಹೇಳ್ಲೇ ಇಲ್ಲ.”

ಹೇಗೆ ಹೇಳುತ್ತೀ? ನಿನಗೆ ಗೊತ್ತಿದ್ದರೆ ತಾನೇ! ಈಗ ಹೇಳುತ್ತೇನೆ, ಕೇಳು. ಚೌಕಿನಲ್ಲಿ ಕಟ್ಟುವ ದೊಡ್ಡ ಫ್ಲೆಕ್ಸ್ ಗಾಳಿಗೆ ಉಬ್ಬಿ ಹರಿಯಬಾರದೆಂದು ನಾವು ಅದಕ್ಕೆ ಅಲ್ಲಲ್ಲಿ ಬ್ಲೇಡಿನಿಂದ ಅರ್ಧಚಂದ್ರದ ಸೀಳು ಕೊಡುತ್ತೇವೆ. ಗಾಳಿ ಹೆಚ್ಚಾದರೆ ಸೀಳು ಬಾಯಿ ಬಿಡುತ್ತದೆ, ಗಾಳಿ ದಾಟಿ ಹೋಗುತ್ತದೆ, ಬ್ಯಾನರ್ ಉಳಿಯುತ್ತದೆ. ಓಣಿಯ ಚಾವಣಿಗೂ ಮುಂದುಗಡೆ ಅಂಥ ಕಿಂಡಿ ಬೇಕಿತ್ತು, ಅಷ್ಟೇ. ಪೇಡೆ ಹಿಡಿದು ಬಂದ ದಿನ ನಾನು ತಂದಿದ್ದ ಸುದ್ದಿ ಅದು. ನೀನು ಒಂದು ನಿಮಿಷ ತಡೆದು ಸುಳ್ಳು ಹೇಳಿದ್ದರೂ ನಿನಗೆ ಸಿಗುತ್ತಿತ್ತು.

ಶರಣಪ್ಪನಿಗೆ ಎಲ್ಲ ಹೇಳಿದೆ, ಬೈಕಿನಿಂದ ಹಿಡಿದು ಬಳೆಯವರೆಗೆ. ಅವನ ಮುಖ ಕಪ್ಪಿಟ್ಟಿತು. “ಅಚ್ಚು ನಾಳಿಗೇ ತಂದ ಕೊಡ್ತೀನ್ರಿ, ಅಕ್ಕಾರ” ಎಂದ. ಅಚ್ಚು ನೀನೇ ಇಟ್ಟುಕೋ, ದೋಣಿ ತಾ ಎಂದೆ. ಕಿಂಡಿಯನ್ನು ನನ್ನ ಕೈಯಾರೆ ಕೊಯ್ದೆ, ಅಂಚು ಉಜ್ಜಿದೆ. ಬ್ಯಾನರಿನಲ್ಲಿ ‘ಫೈಬರ್ ಕೆಲಸ’ ಎಂದು ನಿನ್ನ ಹೆಸರು ಹಾಕಿದೆ. ನಿನ್ನ ಕೈಗೆಲಸಕ್ಕೆ ನಾನು ಎಂದೂ ಮೋಸ ಮಾಡಲಾರೆ. ‘ವಿನ್ಯಾಸ’ ಎಂದು ನನ್ನ ಹೆಸರು ಹಾಕಿದೆ. ಎರಡೂ ಒಂದೇ ಸೈಜಿನ ಅಕ್ಷರ.

ಮೊನ್ನೆ ಭಾನುವಾರ ಓಡಿಸಿದೆವು. ರಿಮೋಟ್ ನನ್ನ ಕೈಯಲ್ಲಿತ್ತು. ಗಾಳಿ ಎದುರಿಗೇ ಇತ್ತು. ಪೂರಾ ವೇಗ ಕೊಟ್ಟೆ. ಮೂತಿ ಎದ್ದಿತು, ಒಂದಿಷ್ಟು ಹೊಯ್ದಾಡಿತು, ಮತ್ತೆ ಕೂತುಕೊಂಡಿತು, ಆ ದಂಡೆಯವರೆಗೂ ಬಾಣದ ಹಾಗೆ ಹೋಯಿತು. ಪಲ್ಟಿ ಹೊಡೆಯಲಿಲ್ಲ ಮಾಮಾ. ಒಂದು ಸಲವೂ ಹೊಡೆಯಲಿಲ್ಲ. ನನಗೇ ಗೊತ್ತಿಲ್ಲದೆ ಹಿಂದೆ ತಿರುಗಿ “ನೋಡಿದೇನ, ಮಾಮಾ?” ಎಂದು ಒದರಿಬಿಟ್ಟೆ. ಹಿಂದೆ ಅತ್ತೆ ಇದ್ದಳು, ಶರಣಪ್ಪ ಇದ್ದ, ಊರವರಿದ್ದರು. ಎಲ್ಲರೂ ಕಣ್ಣೊರೆಸಿಕೊಂಡರು. ಮಾಮಾನ ಮೇಲೆ ಎಂಥಾ ಪ್ರೀತಿ ನೋಡಿ ಎಂದರು.

ಪ್ರೀತಿಯಿಂದ ಕರೆದದ್ದಲ್ಲ. ನಿನಗೆ ತೋರಿಸಿ ನಿನ್ನ ಹೊಟ್ಟೆ ಉರಿಸಬೇಕಿತ್ತು. ಅದಕ್ಕಾದರೂ ನೀನು ಅಲ್ಲಿರಬೇಕಿತ್ತು.

ಸುವರ್ಣಾ