ಮನೆಗೊಂದು ಎಸ್ರು

ಜುಲೈ 2, ಬುಧವಾರ

ಬೆಳಿಗ್ಗೆ ಎಂಟಕ್ಕೆ ಆಜ್ರಿ ಕೂಗ್ದೆ. ಬುಕ್ಕಲ್ಲಿ ಅನ್ನೆರಡು ಎಸ್ರು, ಮಿಷನ್ ಮುಂದೆ ಅನ್ನೆರಡು ಜನ. ಮುಖ ಮಾತ್ರ ಬ್ಯಾರೆ. ತಿಮ್ಮಮ್ಮ ಅಂದ್ರೆ ತಿಮ್ಮಮ್ಮನ ತಂಗಿ ಓಗೊಡ್ತಾಳೆ. ಬೆಟ್ಟಮ್ಮ ಅಂದ್ರೆ ಅವಳ ಸೊಸೆ ಪವಿತ್ರ "ಬಂದಿವ್ನಿ ಕಣಣ್ಣ" ಅಂತಾಳೆ.

"ಏನ್ ಬೆಟ್ಟಕ್ಕ, ರಾತ್ರಿ ಮಲಗಿ ಏಳೋದ್ರೊಳಗೆ ಮೂವತ್ ವರ್ಸ ಕಮ್ಮಿ ಮಾಡ್ಕಂಡಿದ್ದೀಯಲ್ಲ, ಯಾವ್ ಸೋಪವ್ವ" ಅಂದೆ. ಎಲ್ರೂ ನಕ್ಕರು. ಎಲ್ಡ್ ವರ್ಸದಿಂದ ಇದೇ ತಮಾಸೆ. ಎಲ್ಡ್ ವರ್ಸದಿಂದ ನಗ್ತಾವ್ರೆ. ಪಾಪ.

ಇದು ನಮ್ ಕಡೆ ಮುಯ್ಯಾಳ್ ಲೆಕ್ಕ. ನಾಟಿ ಟೈಮಲ್ಲಿ ಇವತ್ ನಿಮ್ಮನೆಯಿಂದ ನಮ್ ಗದ್ದೆಗೆ, ನಾಳೆ ನಮ್ಮನೆಯಿಂದ ನಿಮ್ ಗದ್ದೆಗೆ. ಯಾರ್ ಬಂದ್ರು ಅಂತ ಯಾವೋನೂ ಕೇಳಲ್ಲ. ಯಾವ್ ಮನೆಯಿಂದ ಬಂದ್ರು ಅಂತ ಅಷ್ಟೆ. ತೆಂಗಿನ್ಕಾಯ್ ಮಟ್ಟೆಯಿಂದ ನಾರ್ ತಗ್ಯೋ ನಮ್ ಫ್ಯಾಕ್ಟ್ರೀಲೂ ಅಂಗೇ. ಅನ್ನೆರಡು ಮನೆ. ಅತ್ತೆಗೆ ಮಂಡಿ ನೋವಾದ್ರೆ ಸೊಸೆ, ಸೊಸೆ ತವರಿಗೆ ಓದ್ರೆ ನಾದ್ನಿ. ಪುಟ್ಟಸ್ವಾಮಿ ಇ.ಎಸ್.ಐ.ಗೆ ಎಸ್ರು ಕೊಡಣ್ಣ ಅಂದಾಗ ಮನೆಗೊಂದು ಬರ್ದು ಕೊಟ್ಟೆ. ಅವನೇ ತಿಂಗ್ಳು ತಿಂಗ್ಳು ಕಂಪ್ಯೂಟ್ರಲ್ಲಿ ತುಂಬ್ತಾನೆ. ಪಾಂಡವಪುರದಲ್ಲಿ ಬೋರ್ಡ್ ಆಕವ್ನೆ, ಕನ್ಸಲ್ಟೆಂಟು ಅಂತ.

ಮದ್ಯಾನ ಅಲ್ಲಿಗೇ ಓಗಿದ್ದೆ. ಮಾಲೀಕರಿಗೆ ಸಹಾಯ ಶಿಬಿರ. ಪಿ.ಎಫ್ಫು, ಇ.ಎಸ್.ಐ., ವೃತ್ತಿ ತೆರಿಗೆ... ಆಳು ಬೇಕಂದ್ರೂ ಸರ್ಕಾರ್ದೋರೇ ಉಡುಕ್ಕೊಡ್ತಾರಂತೆ. ಸಾಹೇಬ್ರು ಗೋಡೆ ಮೇಲೆ ಲೈಟ್ ಬುಟ್ಟು ಎಲ್ಡ್ ಗಂಟೆ ಏಳುದ್ರು. ಕೊನೇಗೆ, ಡೌಟಿದ್ರೆ ಕೇಳಿ ಅಂದ್ರು. ನಾನ್ ಎದ್ದೆ. "ಸಾ, ನೀವ್ ಕಳ್ಸೋ ಆಳು ಮಟ್ಟೆ ಒರೋರಾ ಪೈಲ್ ಒರೋರಾ?" ಸಾಹೇಬ್ರೂ ನಕ್ಕರು. ಬೋಂಡ ಚೆನ್ನಾಗಿತ್ತು.

ಜುಲೈ 9, ಬುಧವಾರ

ಪವಿತ್ರನ ಕೈ ಮಿಷನ್ನಿಗೆ ಸಿಕ್ತು. ಬಲಗೈ. ಮೂರ್ ಬೆಳ್ಳು ಓಯ್ತು.

ಮಟ್ಟೆ ಸಿಕ್ಕಾಕ್ಕತ್ತು, ತಳ್ಳಕ್ ಓದ್ಲು. ಅಷ್ಟೆ.

ಮಿಷನ್ ಆಪ್ ಮಾಡಿದ್ದು ನಾನೇ. ನಾಗಮಂಗ್ಲದಲ್ಲಿ ಬಟ್ಟೆ ಸುತ್ತಿ ಮೈಸೂರಿಗೆ ಕಳ್ಸಿದ್ರು. ಆಂಬುಲೆನ್ಸಲ್ಲಿ ದಾರೀ ಪೂರ್ತಿ ಎದ್ದೇ ಇದ್ಲು. ನೀರ್ ಕೇಳುದ್ಲು. ಕೊಡ್ಬ್ಯಾಡಿ ಅಂದ್ರು.

ಬರ್ಯಕ್ ಆಗಲ್ಲ ಇವತ್ತು.

ಜುಲೈ 10, ಗುರುವಾರ

ಆಸ್ಪತ್ರೆ ಕೌಂಟ್ರಲ್ಲಿ ಇ.ಎಸ್.ಐ. ಕಾರ್ಡ್ ಕೇಳುದ್ರು. ಆವಾಗ್ ತಲೇಗ್ ಬಂತು. ಪವಿತ್ರಂಗೆ ಕಾರ್ಡೇ ಇಲ್ಲ. ಇರೋದು ಬೆಟ್ಟಕ್ಕಂಗೆ.

ಬೆಟ್ಟಕ್ಕ ಮೊದಲ್ನೇ ಬಸ್ಸಿಗೇ ಬಂದಿತ್ತು. ಸೆರಗಿನ ಗಂಟ್ ಬಿಚ್ಚಿ ಕಾರ್ಡ್ ತಗೀತು. "ತಗಳ್ಲಾ ಸಿದ್ರಾಜ, ಇದ ಕೊಡು. ಅವ್ಳೇ ನಾನು ಅನ್ನು."

ಕೊಟ್ಬುಟ್ಟೆ. ದೇವ್ರಾಣೆ ಕೊಟ್ಬುಟ್ಟೆ.

ಕೌಂಟ್ರೋನು ಪೋಟೋ ನೋಡ್ದ, ಸ್ಟ್ರೆಚರ್ ಮೇಲಿದ್ದ ಪವಿತ್ರನ ನೋಡ್ದ. "ಇವರಿಗೆ ಐವತ್ತಾರಾ?"

ಬೆಟ್ಟಕ್ಕ ಅಂತು, "ಕೈ ಯಾರ್ದಾದ್ರೇನ್ ಮಗ, ಮನೆ ಒಂದೇ."

"ಅಮ್ಮಾ, ಕಾರ್ಡು ಮನೆಗಲ್ಲ, ಮನುಷ್ಯರಿಗೆ."

ಅರಚಾಡ್ದೆ. ನಿಮ್ಮಂತೋರಿಂದ್ಲೇ ಬಡವ್ರು ಸಾಯ್ತಾವ್ರೆ ಅಂದೆ, ಇನ್ನೂ ಏನೇನೋ ಅಂದೆ. ಆವಯ್ಯ ತಲೆ ಬಗ್ಸ್ಕಂಡು ಇನ್ನೊಬ್ರ ಚೀಟಿ ಬರ್ಯಕ್ ಸುರು ಮಾಡ್ದ. ಅವನ್ ಏಳಿದ್ದು ಸರಿ. ಸರಿಯಾಗ್ ಏಳ್ದೋನ ಮೇಲೇ ಜಾಸ್ತಿ ಕ್ವಾಪ ಬತ್ತದೆ ನಂಗೆ.

ಆಪರೇಸನ್ ಆಯ್ತು. ನಾನೇ ಸೈನ್ ಆಕ್ದೆ, ನಾನೇ ಕಟ್ದೆ. ಇನ್ನೆಲ್ಡ್ ಆಪರೇಸನ್ ಆಗ್ಬೇಕಂತೆ. ಆಮೇಲ್ ಆ ಕೈ ಯಾವ್ ಕೆಲ್ಸಕ್ ಬತ್ತದೆ ಅಂದ್ರೆ ಡಾಕ್ಟ್ರು ಮುಂದಿನ್ ಆಪರೇಸನ್ ತಾರೀಕು ಬರ್ದ್ ಕೊಟ್ರು.

ಜುಲೈ 12, ಶನಿವಾರ

ಪುಟ್ಟಸ್ವಾಮಿ ಆಪೀಸಿಗೆ ಓದೆ. ಎಸಿ ಬೇರೆ ಆಕ್ಸವ್ನೆ.

"ಏಟು ಬಿದ್ದಿದ್ದು ಯಾರ್ಗಣ್ಣ?"

"ಪವಿತ್ರಂಗೆ. ಬೆಟ್ಟಕ್ಕನ ಸೊಸೆ."

"ನಮ್ ಲಿಸ್ಟಲ್ಲಿ ಅವ್ರಿಲ್ವಲ್ಲ. ಅಂದ್ರೆ ನಿಮ್ ಫ್ಯಾಕ್ಟ್ರೀಲಿ ಆಗೇ ಇಲ್ಲ."

"ಲೇ, ಬೆಳ್ಳು ಅಲ್ಲೇ ಬಿದ್ದಿತ್ತು ಕಣ್ಲಾ."

ಅವ್ನು ಒಂದ್ ಪೇಪರ್ ಟೈಪ್ ಮಾಡ್ದ. ಟಕಟಕ ಅಂತ ಎಲ್ಡೇ ನಿಮಿಷ. ಇಂತಾ ಪೇಪರ್ ಎಷ್ಟ್ ಸಲ ಮಾಡವ್ನೋ. 'ನಾನು ಕಾರ್ಖಾನೆಯ ಕೆಲಸಗಾರಳಲ್ಲ, ಅತ್ತೆಗೆ ಬುತ್ತಿ ಕೊಡಲು ಬಂದಾಗ ನನ್ನ ಅಜಾಗರೂಕತೆಯಿಂದ...' ಅಂತ. ಅವಳ್ದೊಂದು ಸೈನ್ ಆಕ್ಸಿ, ಮನೆಯೋರಿಗೆ ನಿಮ್ ಕೈಲಾದ್ದು ಮಾಡಿ, ಮುಗೀತು ಅಂದ.

ಅಂಗ್ ಮಾಡ್ದಿದ್ರೆ?

"ಸುಳ್ ಆಜ್ರಿ ಬುಕ್ಕು ಅಂತ ಕೇಸು. ಅನ್ನೆರಡು ಎಸ್ರಿನ ಇಂದೆ ಎಷ್ಟ್ ಜನ ಅವ್ರೆ ಅಂತ ಕೆದುಕ್ತಾರೆ. ಗೇಟಿಗೆ ಬೀಗ ಬಿದ್ರೂ ಬೀಳ್ಬೋದು."

"ಎಸ್ರು ಆಕ್ಬೇಕಾದ್ರೆ ನೀನ್ ಯಾಕ್ಲಾ ಏಳ್ಲಿಲ್ಲ?"

"ನೀವ್ ಕೊಟ್ಟಿದ್ನ ಆಕ್ದೆ. ನಾನೇನ್ ಬಂದು ಮುಖ ನೋಡುದ್ನಾ?"

ಇವ್ನೂ ಸರಿ. ನಾನೊಬ್ನ ಬುಟ್ಟು ಪ್ರಪಂಚದಲ್ ಎಲ್ರೂ ಸರಿ. ಅವನ್ ಟೇಬಲ್ ಮೇಲಿದ್ದ ಗಾಜಿನ್ ಗುಂಡ್ ಎತ್ತಿ ಒಡ್ದಾಕ್ಬುಡಾನ ಅನ್ನುಸ್ತು. ಒಡೀಲಿಲ್ಲ. ಪೇಪರ್ ಮಡ್ಚಿ ಜೇಬಲ್ಲಿ ಮಡಿಕ್ಕಂಡೆ. ಅದಕ್ಕೇ ಇನ್ನೂ ಕ್ವಾಪ.

ಜುಲೈ 15, ಮಂಗಳವಾರ

ಇ.ಎಸ್.ಐ. ಆಪೀಸಿಗೆ ಓದೆ, ಯಾರ್ಗೂ ಏಳ್ದಂಗೆ. ಸುಧಂಗೂ ಏಳ್ಲಿಲ್ಲ. ಮಟ್ಟೆ ಲೋಡ್ ನೋಡ್ಕಂಡ್ ಬತ್ತೀನಿ ಅಂದೆ. ಕಟ್ಕಂಡೋಳು, ಮುಖ ನೋಡುದ್ಲು, ಕೇಳ್ಲಿಲ್ಲ.

ಒಬ್ರು ಮೇಡಮ್ಮು, ಕನ್ನಡಕದೋರು. "ಮೇಡಂ, ನನ್ ಸ್ನೇಹಿತ ಒಬ್ಬ ಅವ್ನೆ" ಅಂತ ಸುರು ಮಾಡ್ದೆ. "ಅವನ್ ಫ್ಯಾಕ್ಟ್ರೀಲಿ ಇಂಗಿಂಗಾಯ್ತು."

ಪೂರ್ತಿ ಕೇಳುಸ್ಕಂಡ್ರು. ಆಮೇಲೆ, "ನಿಮ್ಮ ಸ್ನೇಹಿತರಿಗೆ ಹೇಳಿ. ಲಿಸ್ಟಲ್ಲಿ ಹೆಸರು ಇಲ್ಲದಿದ್ರೂ ಆ ಹೆಣ್ಣುಮಗಳು ಅಲ್ಲಿ ಕೆಲಸ ಮಾಡ್ತಿದ್ದದ್ದು ನಿಜ ಆದ್ರೆ ಅವಳಿಗೆ ಬರಬೇಕಾದ್ದು ಬರುತ್ತೆ. ಚಿಕಿತ್ಸೆ ಬರುತ್ತೆ. ಕೈ ಊನ ಆಗಿದ್ರೆ ಪಿಂಚಣಿ ಬರುತ್ತೆ, ಜೀವ ಇರೋವರೆಗೂ. ಆದ್ರೆ ಅವಳು ಕೆಲಸ ಮಾಡ್ತಿದ್ಲು ಅಂತ ಮಾಲೀಕ ಬರೆದು ಕೊಡಬೇಕು."

"ಬರ್ದ್ ಕೊಟ್ರೆ ಅವ್ನಿಗೆ?"

"ಅವರನ್ನ ಆಮೇಲೆ ನಾವು ನೋಡ್ಕೋತೀವಿ."

"ಚೆನ್ನಾಗ್ ನೋಡ್ಕೋತೀರಾ ಮೇಡಂ?"

"ತುಂಬಾ ಚೆನ್ನಾಗಿ. ಯಾಕೆ ಇಷ್ಟು ಬೆವರ್ತಾ ಇದೀರಿ, ಫ್ಯಾನ್ ಹಾಕ್ಲಾ?"

ಬಸ್ಸಲ್ ಕುಂತ್ಕಂಡು ಉರ್ದೋದೆ. ಶಿಬಿರದಲ್ಲಿ ಎಲ್ಡ್ ಗಂಟೆ ಏಳುದ್ರಲ್ಲ, ಈ ನಾಕ್ ಮಾತ್ ಏಳಕ್ ಆಗ್ತಿರ್ಲಿಲ್ವಾ? ಆಮೇಲ್ ನೆಪ್ಪಾಯ್ತು. ಡೌಟಿದ್ರೆ ಕೇಳಿ ಅಂದಿದ್ರು. ಕೇಳಕ್ ಎದ್ದೋನು ನಾನೊಬ್ನೇ. ಎದ್ದು ಏನ್ ಕೇಳ್ದೆ. ಬಡ್ಡಿಮಗ, ಏನ್ ಕೇಳ್ದೆ ನೀನು.

ಜುಲೈ 16

ಫ್ಯಾಕ್ಟ್ರಿ ಓಡುಸ್ದೆ. ಆಜ್ರಿ ಕೂಗ್ಲಿಲ್ಲ. ತಲೆ ಎಣಿಸ್ದೆ ಅಷ್ಟೆ. ಎಲ್ರೂ ನನ್ನ ಬಾಯೇ ನೋಡ್ತಿದ್ರು, ಏನಾರ ಅಂತಾನಾ ಅಂತ.

ಮಿಷನ್ ಬಾಯಿಗೆ ಕಬ್ಬಿಣದ್ ಜಾಲರಿ ಆಕ್ಸ್ದೆ. ವೆಲ್ಡಿಂಗ್ ಜವರಯ್ಯ, "ಮೊದ್ಲೇ ಆಕ್ಸೋದಲ್ವಾ ಸಿದ್ರಾಜಣ್ಣ" ಅಂದ. ಬಾಯ್ ಮುಚ್ಕಂಡ್ ಕೆಲ್ಸ ಮಾಡ್ಲಾ ಅಂದ್ಬುಟ್ಟೆ. ಪಾಪ, ಅವ್ನೇನ್ ಮಾಡ್ದ.

ಜುಲೈ 18, ಶುಕ್ರವಾರ. ಸಂಜೆ

ಪವಿತ್ರ ನಿನ್ನೆ ಮನೇಗ್ ಬಂದವ್ಳೆ. ಮುಂದಿನ್ ವಾರ ಮತ್ತೆ ಓಗ್ಬೇಕು. ನೋಡಕ್ ಓದೆ. ಜೇಬಲ್ಲಿ ಪುಟ್ಟಸ್ವಾಮಿ ಪೇಪರ್ರು.

ಯಾಕ್ ತಗಂಡ್ ಓದೆ ಅಂದ್ರೆ... ಗೇಟಿಗೆ ಬೀಗ ಬಿದ್ರೆ ಉಳಿದ್ ಅನ್ನೊಂದ್ ಮನೆ ಏನ್ ಮಾಡ್ಬೇಕು, ಅದಕ್ಕೆ. ಸುಳ್ಳು. ನನ್ ಮನೆ ಏನ್ ಮಾಡ್ಬೇಕು, ಅದಕ್ಕೆ.

ಪವಿತ್ರ ಜಗಲಿ ಮೇಲೆ ಕುಂತಿದ್ಲು. ಬಲಗೈ ದೊಡ್ ಗಂಟಾಗಿತ್ತು ಬಟ್ಟೇಲಿ. ಎಡಗೈಲಿ ಮಗೀನ್ ಸ್ಲೇಟ್ ಮೇಲೆ ಬಳಪದಲ್ಲಿ ಏನೋ ಗೀಚ್ತಿದ್ಲು.

"ಏನ್ ಬರೀತಿದ್ದೀಯವ್ವ?"

"ನನ್ ಸೈನು ಕಣಣ್ಣ. ಈ ಕೈ ಕಲೀಬೇಕಲ್ಲ. ಪಿ.ಯು.ಸಿ. ಮಾಡಿ ಎಬ್ಬೆಟ್ ಒತ್ತೋದಾ?"

ಬೆಟ್ಟಕ್ಕ ಕಾಪಿ ತಂತು. ಪೇಪರ್ ತಗ್ದು ಕೊಟ್ಟೆ. ಪವಿತ್ರ ಗಟ್ಟಿಯಾಗ್ ಓದುದ್ಲು, ಅತ್ತೆಗೆ ಓದಕ್ ಬರಲ್ಲ ಅಂತ. ಇಸ್ಕೂಲಲ್ಲಿ ಓದ್ದಂಗೆ ನಿಲ್ಸಿ ನಿಲ್ಸಿ ಓದುದ್ಲು. 'ನನ್ನ ಅಜಾಗರೂಕತೆಯಿಂದ' ಅನ್ನೋ ಕಡೆ ಒಂದ್ ಗಳಿಗೆ ನಿಲ್ಸುದ್ಲು. ನನ್ ಕಡೆ ನೋಡುದ್ಲು. ಮುಂದುಕ್ ಓದುದ್ಲು.

"ಆಕ್ಬುಡು ಮಗ" ಅಂತು ಬೆಟ್ಟಕ್ಕ. "ಫ್ಯಾಕ್ಟ್ರಿ ಇದ್ರೆ ನಾನಾರ ಓಗ್ಬೋದು. ಸಿದ್ರಾಜ ನಮ್ಮ ಕೈ ಬುಡಾಕಿಲ್ಲ."

ಒಂದ್ ಬೈಗುಳ ಬೈದಿದ್ರೆ ಎಷ್ಟೋ ಚೆನ್ನಾಗಿತ್ತು.

ಪವಿತ್ರ ಪೆನ್ ತಗಂಡ್ಲು. "ಆಕ್ತೀನಿ ಅಣ್ಣ. ವಸಿ ವಂಕ ಬತ್ತದೆ, ನಡೀತದಾ?" ಅಂದ್ಲು. ಆಮೇಲೆ, "ಆದ್ರೆ ಆವತ್ ನಾ ಬುತ್ತಿ ತಂದಿರ್ಲಿಲ್ಲ ಕಣಣ್ಣ. ಸುಧಕ್ಕ ಎಲ್ರಿಗೂ ರಾಗಿ ಇಟ್ಟು, ಉಪ್ಸಾರು ಕಳುಸ್ತೀನಿ ಅಂದಿತ್ತಲ್ಲ. ಊಟಕ್ಕೆ ಇನ್ನೂ ಒಂದ್ ಗಂಟೆ ಇತ್ತು."

ಕ್ವಾಪದಲ್ ಏಳ್ಲಿಲ್ಲ. ತಪ್ಪಾಗ್ ಬರ್ದವ್ರೆ, ತಿದ್ದಿ ಅನ್ನೋ ತರ ಏಳುದ್ಲು.

ಕಿತ್ಕಂಡೆ. ಪೇಪರ್ನೂ ಪೆನ್ನನೂ. ಕಾಪಿ ಚೆಲ್ಲೋಯ್ತು. ಬೆಟ್ಟಕ್ಕ, "ಏನಾಯ್ತ್ಲಾ?" ಅಂದ್ರೂ ನಿಲ್ಲಲಿಲ್ಲ. ಗಾಡಿ ಸ್ಟಾರ್ಟ್ ಆಗ್ಲಿಲ್ಲ, ಬೀದಿ ಕೊನೆವರ್ಗೂ ತಳ್ಕಂಡೇ ಓದೆ.

ಪೇಪರ್ ಒಲೆಗಾಕ್ದೆ. ಸುಧಂಗೆ ಎಲ್ಲಾ ಏಳ್ದೆ. ಬೀಗ ಬಿದ್ರೂ ಬೀಳ್ಬೋದು ಅಂದೆ. ಅವ್ಳು ಒಲೆ ಮುಂದೆ ರಾಗಿ ಇಟ್ಟು ತೊಳುಸ್ತಿದ್ಲು, ಕೈ ನಿಲ್ಸ್ಲಿಲ್ಲ. "ಏಳಕ್ಕೆ ಒಂಬತ್ ದಿನ ಬೇಕಾಯ್ತಾ ನಿಮ್ಗೆ" ಅಂದ್ಲು.

ಎಲ್ಲಾ ಏಳ್ದೆ ಅಂತ ಬರ್ದೆ. ಎಲ್ಲಾ ಏಳಿಲ್ಲ.

ಜುಲೈ 21, ಸೋಮವಾರ. ಬೆಳಿಗ್ಗೆ ಅನ್ನೊಂದೂವರೆ

ಇ.ಎಸ್.ಐ. ಆಪೀಸ್ ಬೆಂಚ್ ಮೇಲೆ. ಅದೇ ಮೇಡಮ್ಮು. "ನಿಮ್ಮ ಸ್ನೇಹಿತರು ಬರ್ಲಿಲ್ವಾ?" ಅಂದ್ರು. "ಬಂದವ್ನೆ ಮೇಡಂ" ಅಂದೆ. ನಗ್ಲಿಲ್ಲ ಅವ್ರು. ಫಾರಂ ಕೊಟ್ರು.

ಫ್ಯಾಕ್ಟ್ರಿ ಎಸ್ರು ಬರ್ದೆ. ಏಟು ಬಿದ್ದೋರ ಎಸ್ರು ಪವಿತ್ರ, ವಯಸ್ಸು ಇಪ್ಪತ್ತಾರು, ಎಲ್ಡ್ ವರ್ಸದಿಂದ ಕೆಲ್ಸಕ್ ಬತ್ತಾವ್ರೆ. ಆಜ್ರಿ ಬುಕ್ಕಲ್ಲಿ ಬೆಟ್ಟಮ್ಮ ಅಂತ ಬರ್ದಿರೋದು ನಾನು, ಅವ್ರ ತಪ್ಪಲ್ಲ ಅಂತ ಇನ್ನೊಂದ್ ಆಳೇಲಿ ಬರ್ದು ಸೈನ್ ಆಕ್ದೆ. ಉಳಿದ್ ಅನ್ನೊಂದ್ ಮನೇದೂ ಬರ್ದೆ. ಯಾರ್ಯಾರ್ ಬತ್ತಾರೆ, ಇಪ್ಪತ್ತೇಳ್ ಜನದ್ ಎಸ್ರು. ಪುಟ್ಟಸ್ವಾಮಿ ನಾಕ್ ಸಲ ಫೋನ್ ಮಾಡ್ದ. ಎತ್ಲಿಲ್ಲ.

ಅಲ್ಲಿವರ್ಗೂ ಸಲೀಸಾಗ್ ಬಂತು. ಕೆಳಗಡೆ ಒಂದ್ ಕಾಲಂ ಅದೆ, ಅಪಘಾತ ಹೇಗಾಯಿತು ಅಂತ. ಮೂರ್ ಗೆರೆ ಜಾಗ. ಅರ್ದ ಗಂಟೆಯಿಂದ ಪೆನ್ ಇಡ್ಕಂಡ್ ಕುಂತಿವ್ನಿ. ಮೊದ್ಲು ಇಲ್ ಬರ್ದು ಆಮೇಲ್ ಅಲ್ ಬರ್ಯಾನ ಅಂತ ಈ ಬುಕ್ ತಗ್ದೆ.

ಒಂಬತ್ನೇ ತಾರೀಕು ಬರ್ದಿರೋದು ಸುಳ್ಳು. ಮಟ್ಟೆ ಸಿಕ್ಕಾಕ್ಕಳ್ಲಿಲ್ಲ. ಮಿಷನ್ ಚೆನ್ನಾಗೇ ಓಡ್ತಿತ್ತು. ಪವಿತ್ರ ಮಿಷನ್ ಬಾಯಿಗೆ ಮಟ್ಟೆ ಕೊಡ್ತಿದ್ಲು, ಕಣ್ಣು ಕೈ ಮೇಲೇ ಇತ್ತು. ನಾನ್ ಏನೋ ಅಂದೆ, ಎಲ್ರೂ ನಕ್ಕರು, ಅವ್ಳೊಬ್ಳು ನಗ್ಲಿಲ್ಲ. ಮಿಷನ್ ಸದ್ದಲ್ಲಿ ಕೇಳುಸ್ಲಿಲ್ವೇನೋ. ಬುಡ್ಬೋದಿತ್ತು. ಒಬ್ರು ನಗ್ದಿದ್ರೂ ನಂಗ್ ತಡ್ಯಾಕಾಗಲ್ಲ, ಅದೇ ನನ್ ಕಾಯ್ಲೆ. ಪಕ್ಕಕ್ಕೇ ಓದೆ. ಸೊಂಟದ್ ಮೇಲ್ ಕೈ ಮಡಗಿ, ಮಂಡಿ ನೋವ್ ಬಂದ ಅವರತ್ತೆ ತರ ನಡ್ದು ತೋರುಸ್ದೆ. ತಿರುಗುದ್ಲು. ನಕ್ಕುಬುಟ್ಲು. ಕೈ ಮಟ್ಟೆ ಜತೇಲೇ ಒಳಿಕ್ಕೋಯ್ತು.

ಇದ್ನ ಅವ್ಳು ಗಂಡಂಗೂ ಏಳಿಲ್ಲ, ಅತ್ತೆಗೂ ಏಳಿಲ್ಲ. ಪೇಪರ್ ಓದ್ದಾಗ್ಲೂ ಏಳ್ಲಿಲ್ಲ.

ಮೇಡಮ್ಮು ಕೂಗ್ತಾವ್ರೆ, ಊಟಕ್ ಎದ್ದೋಗೋ ಮುಂಚೆ ಕೊಡಿ ಅಂತ. ಬರೀತೀನಿ. ಮಾಲೀಕನಾದ ಸಿದ್ದರಾಜು ಎಂಬ ನಾನು ಆ ಟೈಮಲ್ಲಿ ಅವರ ಪಕ್ಕದಲ್ಲಿ ನಿಂತು ಅವರನ್ನ ನಗಿಸಿ...