ಹನೂರಿಗೆ ಹೋಗುವ ರೈಲಿನ ಬಣ್ಣ

ಸುಧಾಳ ಅಪ್ಪನವರಿಗೆ,

ನಿಮ್ಮನ್ನು ಹೆಸರು ಹಿಡಿದು ಕರೆದವಳಲ್ಲ. ಈಗ ಕರೆದರೆ ಬೈಯುವವರು ಯಾರಿದ್ದಾರೆ? ಆದರೂ ಬಾಯಿಗೆ ಬರುವುದಿಲ್ಲ. ಕ್ಷೇಮವೇ ಎಂದೂ ಕೇಳುವುದಿಲ್ಲ. ನಿಮ್ಮ ಮೇಲೆ ಸಿಟ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮದುವೆಯಾದ ಹೊಸದರಲ್ಲಿ, ಹಿತ್ತಲಿನಿಂದ ಹಣ್ಣು ಮೆಣಸಿನಕಾಯಿ ಮಾತ್ರ ಬಿಡಿಸಿಕೊಂಡು ಬನ್ನಿ ಎಂದಿದ್ದೆ. ನೀವು ಕಾಯಿ, ಹಣ್ಣು ಎಲ್ಲ ಬೆರೆಸಿ ತಂದಿರಿ. ಕೊಳ್ಳೇಗಾಲದಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವವರ ಮನೆಯ ಮಗಳು ನಾನು. ನಿಮ್ಮ ಕಣ್ಣಿಗೆ ಕೆಂಪೂ ಹಸಿರೂ ಒಂದೇ ಎಂದು ತಿಳಿಯಲು ಎಷ್ಟು ಹೊತ್ತು ಬೇಕು? ಅವತ್ತೇ ಬಾಯಿಬಿಟ್ಟಿರಿ. ರೈಲು ಓಡಿಸುವ ಕೆಲಸದ ಪರೀಕ್ಷೆ ಪಾಸಾಗಿ, ಕಣ್ಣಿನ ತಪಾಸಣೆಯಲ್ಲಿ ಬಿದ್ದವರು ನೀವು. ಊರಿಗೆಲ್ಲ ಹೇಳಿದ್ದು ಮಾತ್ರ, ಅಪ್ಪ ಕಳಿಸಲಿಲ್ಲ ಅಂತ. "ಯಾರ್ಗೂ ಏಳ್ಬ್ಯಾಡ ಕಣಮ್ಮಿ, ಮಾನ ಓಯ್ತದೆ," ಎಂದು ಕೈ ಹಿಡಿದುಕೊಂಡಿರಿ. ನಾನು ಮಾತು ಕೊಟ್ಟೆ.

ಬಸ್ ಡಿಪೋದ ಸ್ಟೋರಿನಲ್ಲಿ ದುಡಿದು ಬಂದು, ಕಾಫಿ ಕುಡಿದವರೇ ಹಿಂದಿನ ಕೋಣೆ ಸೇರುತ್ತಿದ್ದಿರಿ. ಕೊಡೆಯ ಕಡ್ಡಿ ಹಳಿಯಾಯಿತು, ಎಣ್ಣೆ ಡಬ್ಬದ ತಗಡು ಬೋಗಿಯಾಯಿತು, ಗೋಣಿಚೀಲಕ್ಕೆ ಸಿಮೆಂಟ್ ಬಳಿದು ಬಿಳಿಗಿರಿರಂಗನ ಬೆಟ್ಟ ಎದ್ದಿತು. ರೈಲೇ ಕಾಣದ ಊರುಗಳಿಗೆ ನೀವು ಆ ಕೋಣೆಯೊಳಗೇ ಆಟದ ರೈಲು ಬಿಟ್ಟಿರಿ. ಚಾಮರಾಜನಗರದಿಂದ ಯಳಂದೂರು, ಕೊಳ್ಳೇಗಾಲ, ಹನೂರು. ಒಪ್ಪುತ್ತೇನೆ, ಚೆಂದವಿತ್ತು. ಆದರೆ ಬೋಗಿಯ ಕೆಂಪು, ಗದ್ದೆಯ ಹಸಿರು, ಸಿಗ್ನಲ್ಲಿನ ದೀಪ ಬಳಿದವರು ಯಾರು? ನೋಡಲು ಬಂದವರು ಬಣ್ಣವನ್ನೇ ಹೊಗಳುತ್ತಿದ್ದರು. "ಎಲ್ಲಾ ನಾನೇ ಕಣ್ರಿ," ಎನ್ನುತ್ತಿದ್ದಿರಿ. ನಾನು ಒಳಗೆ ಅವರಿಗೆ ಕಾಫಿ ಬೆರೆಸುತ್ತಿದ್ದೆ. ಉಗುರಿನಲ್ಲಿ ಪೇಂಟು ಹಾಗೇ ಇರುತ್ತಿತ್ತು, ಯಾರೂ ಕೇಳಲಿಲ್ಲ. ಹೋಗಲಿ, ಅದನ್ನು ನುಂಗಿಕೊಂಡೆ.

ನುಂಗಲಾಗದ್ದು ಇನ್ನೊಂದಿದೆ. ಹನೂರಿಗೆ ಕೊಟ್ಟ ನಮ್ಮ ಸುಧಾಳ ಮಗ ಚೇತನ್, ಚಿಕ್ಕವನಿದ್ದಾಗ ರಜೆಗೆ ಬಂದಿದ್ದ. ನಿಮ್ಮ ಜೊತೆ ಆಡುತ್ತಾ ಕೆಂಪು ಬೋಗಿಗಳ ಸಾಲಿಗೆ ಹಸಿರು ಬೋಗಿ ಸಿಕ್ಕಿಸಿದ. ಪಕ್ಕದಲ್ಲೇ ಇದ್ದ ನಿಮಗೂ ಗೊತ್ತಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಾನು ನಕ್ಕುಬಿಟ್ಟೆ. ಆಮೇಲೆ ನಗು ಅಲ್ಲೇ ನಿಂತಿತು. ಮಗು ಹೊರಗೆ ಹೋದ ಮೇಲೆ, "ಮಗೀಗೂ ನಿಮ್ ಕಣ್ಣೇ ಬಂದದೆ ಕಣ್ರೀ, ಸುಧಂಗೆ ಏಳ್ಬುಡಿ," ಎಂದೆ. "ಅವ್ನುದು ಏಳುದ್ರೆ ನಂದೂ ಗೊತ್ತಾಯ್ತದೆ. ಸುಮ್ಕಿರು," ಎಂದಿರಿ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. "ನೀನು ದೊಡ್ಡ್ ರೈಲು ಓಡಿಸ್ಬೇಕು ಕಣ್ಲಾ," ಎಂದು ಅವನ ತಲೆಗೆ ತುಂಬುತ್ತಲೇ ಹೋದಿರಿ. ಗೊತ್ತಿದ್ದೂ! ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು, ಸರಿ. ಆ ಮಾನ ಮೊಮ್ಮಗನ ಬದುಕಿಗಿಂತ ದೊಡ್ಡದಾಗಿತ್ತೇ? ಕೊಟ್ಟ ಮಾತು ಎಂದು ನಾನೂ ತೆಪ್ಪಗಿದ್ದೆ, ಅದಕ್ಕೆ ಅವನು ನನ್ನನ್ನೂ ಬೈಯಲಿ. ಹೋಗುವಾಗಲಾದರೂ ನೀವೇ ಹೇಳುತ್ತೀರೇನೋ ಎಂದು ಕಾದೆ. ಆಸ್ಪತ್ರೆಯ ಮಂಚದ ಮೇಲೆ ನನ್ನನ್ನು ಹತ್ತಿರ ಕರೆದು ಕೇಳಿದ್ದೇನು? ರೈಲಿನ ಕೋಣೆಯ ಸ್ವಿಚ್ಚು ಆರಿಸಿದ್ದೀಯಾ ಅಂತ…

ಮೊನ್ನೆ ಚೇತನ್ ಬಂದ. ಬೇರೆ ಯಾವ ಕೆಲಸಕ್ಕೂ ಅರ್ಜಿ ಹಾಕದೆ, ವರ್ಷಗಟ್ಟಲೆ ಓದಿ, ನಿಮ್ಮ ಹಾಗೇ ಪರೀಕ್ಷೆ ಪಾಸಾಗಿದ್ದ. ತಪಾಸಣೆಯಲ್ಲಿ ಬಣ್ಣಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿದರಂತೆ. ಅದರೊಳಗಿನ ಅಂಕಿ ಅವನಿಗೆ ಕಾಣಲಿಲ್ಲವಂತೆ. ನಿಮ್ಮ ರೈಲಿನ ಮುಂದೆಯೇ ಕುಳಿತು ಅತ್ತ, ಅಷ್ಟು ದೊಡ್ಡ ಹುಡುಗ. "ನಮ್ಮನೇಲಿ ಯಾರ್ಗೂ ಇಲ್ದಿದ್ದು ನಂಗೇ ಯಾಕಜ್ಜಿ ಬಂತು?" ಎಂದ.

ಅವನ ಪಕ್ಕ ಕುಳಿತು ಎಲ್ಲ ಹೇಳಿಬಿಟ್ಟೆ. ನಿಮ್ಮ ಕಣ್ಣಿನ ವಿಷಯ, ನೀವು ಬಿದ್ದ ತಪಾಸಣೆ, ಈ ಬೋಗಿಗಳಿಗೆ ಬಣ್ಣ ಬಳಿದ ಕೈ ಯಾರದ್ದೆಂದು. ನಿಮಗೆ ಕೊಟ್ಟ ಮಾತು ಅಲ್ಲಿಗೆ ಮುಗಿಯಿತು.

ಅವನು ಒಂದು ಬೋಗಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. ಆಮೇಲೆ ಕೇಳಿದ: "ನಂಗೂ ಇಂಗೇ ಅಂತ ತಾತಂಗೆ ಗೊತ್ತಿತ್ತಾ?"

ನಿಮ್ಮನ್ನು ಕಾಪಾಡಲು ಒಂದು ಸುಳ್ಳು ಸಾಕಿತ್ತು. ಜೀವಮಾನವೆಲ್ಲ ಹೇಳಿದವಳಿಗೆ ಇನ್ನೊಂದು ಭಾರವೇ?

"ಗೊತ್ತಿತ್ತು ಕಣ್ ಮಗ," ಎಂದೆ.